ಸೀಮೆಎಣ್ಣೆ, ವಾರಾಹಿ ಮತ್ತು ಗಲ್ಫ್: ಇಂಧನ ಬದಲಾದಾಗ ಬೆಲೆ ತೆರುವವರು ಯಾರು?

ಕನ್ನಡದಲ್ಲಿ ಸೀಮೆಎಣ್ಣೆ, ಉರ್ದುವಿನಲ್ಲಿ ಮಿಟ್ಟೀ ಕಾ ತೇಲ್, ನಮ್ಮ ಕುಂದಾಪುರ ಕಡೆಯ ಹಿರಿಯರ ಬಾಯಲ್ಲಿ ಚಿಮಣಿ ಎಣ್ಣೆ. ಒಂದೇ ಎಣ್ಣೆಗೆ ಮೂರು ಹೆಸರು. ಎರಡು ಭಾಷೆಗಳನ್ನು ಕಲಿಸುವ ನನ್ನಂಥವನಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸೀಮೆ ಎಂದರೆ ಇಲ್ಲಿ ಪರದೇಶ ಎಂದರ್ಥ. ಸೀಮೆಸುಣ್ಣ, ಸೀಮೆಬದನೆ ಎನ್ನುವುದಿಲ್ಲವೇ, ಹಾಗೆ. ಹಡಗಿನಲ್ಲಿ ಹೊರದೇಶದಿಂದ ಬಂದ ಎಣ್ಣೆ ಎಂದು ಕನ್ನಡ ಹೇಳಿತು. ಮಣ್ಣಿನ ಒಳಗಿನಿಂದ ಬಂದ ಎಣ್ಣೆ ಎಂದು ಉರ್ದು ಹೇಳಿತು. ದೀಪದ ಮೇಲಿನ ಗಾಜಿನ ಚಿಮಣಿಯನ್ನು ನೋಡಿ ನಮ್ಮ ಊರಿನವರು ಹೆಸರಿಟ್ಟರು. ಎಲ್ಲಿಂದ ಬಂತು, ಯಾರು ತಂದರು, ಯಾರ ಮನೆಯಲ್ಲಿ ಉರಿಯಿತು ಎಂಬ ಮೂರು ಸಂಗತಿಗಳೂ ಈ ಹೆಸರುಗಳಲ್ಲೇ ಇವೆ. ಹೆಸರಿನಲ್ಲಿ ಇಲ್ಲದ ಸಂಗತಿಯೆಂದರೆ ಅದರ ಬೆಲೆಯನ್ನು ಯಾರು ಕೊಟ್ಟರು ಎಂಬುದು. ಪ್ರಿಯ ಓದುಗರೇ, ಈ ಲೇಖನದಲ್ಲಿ ಅದನ್ನೇ ನಿಮ್ಮ ಮುಂದಿಡಲು ಪ್ರಯತ್ನಿಸಿದ್ದೇನೆ.

ಸೀಮೆಎಣ್ಣೆ ಬರುವ ಮೊದಲು ಕರಾವಳಿಯ ಮನೆಗಳಲ್ಲಿ ದೀಪಕ್ಕೆ ಹೊನ್ನೆ ಎಣ್ಣೆ ಬಳಕೆಯಲ್ಲಿತ್ತು. ಹೊನ್ನೆಮರ ನಮ್ಮ ತೀರದಲ್ಲಿ ಈಗಲೂ ಇದೆ. ಬೀಜ ಹೆಕ್ಕಿ ಗಾಣಕ್ಕೆ ಕೊಟ್ಟರೆ ಎಣ್ಣೆ ಸಿಗುತ್ತಿತ್ತು. ಹೊಗೆ ಜಾಸ್ತಿ, ಬೆಳಕು ಕಡಿಮೆ, ಆದರೆ ಅದಕ್ಕಾಗಿ ಯಾವ ದೇಶದ ಹಡಗನ್ನೂ ಕಾಯಬೇಕಾಗಿರಲಿಲ್ಲ. ಸೀಮೆಎಣ್ಣೆಯ ಡಬ್ಬ ಬಂದ ಮೇಲೆ ಹೊನ್ನೆ ಎಣ್ಣೆ ಹಿಂದೆ ಸರಿಯಿತು. ಯಾರೂ ಕಾನೂನು ಮಾಡಿ ಅದನ್ನು ನಿಲ್ಲಿಸಲಿಲ್ಲ. ಹೆಚ್ಚು ಬೆಳಕು ಕೊಡುವ ವಸ್ತು ಬಂತು, ಜನ ಅದನ್ನು ಕೊಂಡರು. ಆದ್ದರಿಂದ ನಮ್ಮ ಮನೆಗಳಲ್ಲಿ ಆದ ಮೊದಲ ಇಂಧನ ಬದಲಾವಣೆಯನ್ನು ಮಾರುಕಟ್ಟೆ ಮಾಡಿತು ಎನ್ನಬಹುದು. ನಂತರದವುಗಳನ್ನು ಸರಕಾರಗಳು ಮಾಡಿದವು.

ವಿದ್ಯುತ್ತಿನ ಕಥೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ ವಿದ್ಯುತ್ ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೆ ಬಂದು ಮೂರು ವರ್ಷವಾದ ಮೇಲೆ. ಕಾವೇರಿಯ ದಂಡೆಯ ಹಳ್ಳಿಗಳು ಇನ್ನೂ ಎಷ್ಟೋ ವರ್ಷ ಎಣ್ಣೆ ದೀಪದಲ್ಲೇ ಇದ್ದವು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಇದ್ದದ್ದೇ. ನಾವಂತೂ ಆಗ ಮೈಸೂರಿನವರೇ ಅಲ್ಲ. 1956ರ ನವೆಂಬರ್ 1ರವರೆಗೆ ಕುಂದಾಪುರ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಜೊತೆ ಮದರಾಸಿಗೆ ಸೇರಿತ್ತು. ಘಟ್ಟದ ಮೇಲೆ ಜೋಗದಲ್ಲಿ 1948ರಲ್ಲಿ ವಿದ್ಯುತ್ ಕೇಂದ್ರ ಆರಂಭವಾದಾಗ, ನಮ್ಮ ಊರಿನ ಕಣ್ಣಿಗೆ ಕಾಣುವ ಘಟ್ಟದ ಆಚೆಗಿನ ಆ ಬೆಳಕು ಬೇರೆ ರಾಜ್ಯದ ಬೆಳಕಾಗಿತ್ತು.

ಜೋಗದ ನಂತರ ಶರಾವತಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ವಿದ್ಯುದಾಗಾರದಲ್ಲಿ ಒಂದೊಂದಾಗಿ ಹತ್ತು ಯಂತ್ರಗಳು ಕೂತು ಒಟ್ಟು ಸಾಮರ್ಥ್ಯ 1035 ಮೆಗಾವ್ಯಾಟ್ ಆಯಿತು. ಬಹಳ ಕಾಲ ಕರ್ನಾಟಕದ ವಿದ್ಯುತ್ ಎಂದರೆ ಶರಾವತಿ ಎಂಬಂತಿತ್ತು. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದು ಈ ಅಗ್ಗದ ವಿದ್ಯುತ್ತಿನ ಮೇಲೆ. ಅದರ ಬೆಲೆ ಕೊಟ್ಟವರು ಸಾಗರ ಮತ್ತು ಹೊಸನಗರ ತಾಲೂಕುಗಳ ರೈತರು. ಗದ್ದೆ, ಅಡಿಕೆ ತೋಟ, ಮನೆ, ಪೂಜಾ ಸ್ಥಳ, ಸ್ಮಶಾನ ಎಲ್ಲವೂ ನೀರಿನ ಕೆಳಗೆ ಹೋದವು. ವಿಚಿತ್ರವೆಂದರೆ ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಮೇಲೆ ಕಾಣುತ್ತದೆ. ಒಕ್ಕಲೆದ್ದವರನ್ನು ಶಿವಮೊಗ್ಗ ಜಿಲ್ಲೆಯ ಬೇರೆಬೇರೆ ಕಡೆ ಕಾಡಿನ ಭೂಮಿಯಲ್ಲಿ ಕೂರಿಸಲಾಯಿತು. ಅವರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಆ ಭೂಮಿಯ ಹಕ್ಕುಪತ್ರಕ್ಕಾಗಿ 2020ರ ದಶಕದಲ್ಲೂ ಬೀದಿಗಿಳಿಯಬೇಕಾಯಿತು. ವಿದ್ಯಾರ್ಥಿಗಳು ಇದನ್ನು ಅಂಕಿಅಂಶವಾಗಿ ಓದುವುದಕ್ಕಿಂತ ನಾ. ಡಿಸೋಜ ಅವರ 'ಮುಳುಗಡೆ' ಅಥವಾ 'ದ್ವೀಪ' ಕಾದಂಬರಿಯನ್ನು ಓದಿದರೆ ಒಳ್ಳೆಯದು. ಆ ಯೋಜನೆಯಲ್ಲಿ ಸರಕಾರಿ ನೌಕರರಾಗಿ ಕೆಲಸ ಮಾಡಿ ಮುಳುಗಡೆಯನ್ನು ಕಣ್ಣಾರೆ ಕಂಡವರು ಅವರು.

ನಮ್ಮ ತಾಲೂಕಿನಲ್ಲೇ ಇರುವ ಉದಾಹರಣೆ ವಾರಾಹಿ. ಘಟ್ಟದ ಮೇಲೆ ಹೊಸನಗರ ತಾಲೂಕಿನ ಮಾಣಿಯಲ್ಲಿ ಅಣೆಕಟ್ಟು. ನೀರು ಸುರಂಗದಲ್ಲಿ ಇಳಿದು ಘಟ್ಟದ ಕೆಳಗಿನ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಬರುತ್ತದೆ. ಬಂಡೆಯನ್ನು ಕೊರೆದು ನೆಲದೊಳಗೇ ಯಂತ್ರಗಳನ್ನು ಇಟ್ಟದ್ದು ರಾಜ್ಯದಲ್ಲಿ ಅದೇ ಮೊದಲು. 1989ರಲ್ಲಿ ಮೊದಲ ಯಂತ್ರ, 1990ರ ಆರಂಭದಲ್ಲಿ ಎರಡನೆಯದು, 2009ರಲ್ಲಿ ಇನ್ನೆರಡು ಸೇರಿ ಒಟ್ಟು 460 ಮೆಗಾವ್ಯಾಟ್. ಯಂತ್ರ ತಿರುಗಿಸಿದ ಮೇಲೆ ಆ ನೀರು ನದಿಗೆ ಸೇರಿ, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ ನದಿಗಳ ಜೊತೆ ಪಂಚಗಂಗಾವಳಿಯಾಗಿ ನಮ್ಮ ಕೋಡಿಯ ಮುಂದೆಯೇ ಸಮುದ್ರ ಸೇರುತ್ತದೆ. ಕೋಡಿಯ ದಂಡೆಯಲ್ಲಿ ನಿಂತು ಗಂಗೊಳ್ಳಿಯ ಕಡೆ ನೋಡುವಾಗ ನಮ್ಮ ಕಣ್ಣ ಮುಂದೆ ಹರಿಯುವ ನೀರಿನಲ್ಲಿ ಒಂದು ಪಾಲು ರಾಜ್ಯದ ಯಾವುದೋ ಊರಿನ ದೀಪವನ್ನು ಹಚ್ಚಿ ಬಂದದ್ದು. ಹೊಸನಗರಕ್ಕೆ ಲಿಂಗನಮಕ್ಕಿಯ ನಂತರ ಚಕ್ರಾ, ಸಾವೇಹಕ್ಲು, ಮಾಣಿ ಎಂದು ಒಂದರ ಮೇಲೊಂದು ಮುಳುಗಡೆ ಬಂತು. ಒಂದೇ ತಾಲೂಕು ಎಷ್ಟು ಸಲ ಬೆಲೆ ಕೊಡಬೇಕು ಎಂದು ಅಲ್ಲಿನವರು ಕೇಳಿದರೆ ತಪ್ಪೇನಿದೆ?

ಈಗ ಸ್ವಲ್ಪ ಹೊರಗೆ ಹೋಗೋಣ. 1973ರ ಅಕ್ಟೋಬರ್‌ನಲ್ಲಿ ಅರಬ್ ಇಸ್ರೇಲ್ ಯುದ್ಧದ ನಡುವೆ, ಇಸ್ರೇಲಿನ ಬೆಂಬಲಕ್ಕೆ ನಿಂತ ದೇಶಗಳಿಗೆ ತೈಲ ಕೊಡುವುದಿಲ್ಲವೆಂದು ಅರಬ್ ದೇಶಗಳು ನಿರ್ಧರಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಜನವರಿಯ ಹೊತ್ತಿಗೆ 12 ಡಾಲರಿಗೆ ಹತ್ತಿರವಾಯಿತು. ಜಗತ್ತಿನ ಎಲ್ಲ ದೇಶಗಳಿಗೂ ಒಂದೇ ಪೆಟ್ಟು. ಆದರೆ ಪ್ರತಿಯೊಂದು ದೇಶ ಕೊಟ್ಟ ಉತ್ತರ ಬೇರೆ. ಇಂಧನ ನೀತಿಗಳನ್ನು ಹೋಲಿಸಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದು, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ.

ಡೆನ್ಮಾರ್ಕ್ ತನ್ನ ಇಂಧನದ ಬಹುಪಾಲನ್ನು ತೈಲವಾಗಿ ಆಮದು ಮಾಡಿಕೊಳ್ಳುತ್ತಿದ್ದ ಪುಟ್ಟ ದೇಶ. ಭಾನುವಾರ ಕಾರು ಓಡಿಸಬಾರದೆಂದು ಆಜ್ಞೆಯಾಯಿತು. ಮೊದಲು ಅವರೂ ತೈಲ ಬಿಟ್ಟು ಕಲ್ಲಿದ್ದಲಿಗೆ ಹೋದರು, ಅದನ್ನು ಮರೆಯಬಾರದು. 1985ರಲ್ಲಿ ಅಣುವಿದ್ಯುತ್ ಬೇಡವೆಂದು ಅಲ್ಲಿನ ಸಂಸತ್ತು ತೀರ್ಮಾನಿಸಿತು. ಗಾಳಿಯಂತ್ರಗಳನ್ನು ರೈತರು, ಊರಿನವರು ಸೇರಿ ಸಹಕಾರಿ ಪದ್ಧತಿಯಲ್ಲಿ ನಿಲ್ಲಿಸಿದರು. 1991ರಲ್ಲಿ ವಿಂಡೆಬಿ ಎಂಬಲ್ಲಿ ಸಮುದ್ರದೊಳಗೇ 11 ಗಾಳಿಯಂತ್ರಗಳನ್ನು ನಿಲ್ಲಿಸಿದರು, ಜಗತ್ತಿನಲ್ಲಿ ಅದೇ ಮೊದಲು. ಈಗ ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದ್ದು. ಫ್ರಾನ್ಸ್ 1974ರಲ್ಲೇ ಅಣುವಿದ್ಯುತ್ತಿನ ದೊಡ್ಡ ಯೋಜನೆ ಹಾಕಿತು, ಬಹುತೇಕ ಆ ದಾರಿಯಲ್ಲೇ ನಡೆಯಿತು.

ಬ್ರೆಜಿಲಿನ ಕಥೆ ಸ್ವಲ್ಪ ಏಳುಬೀಳಿನದ್ದು. 1975ರಲ್ಲಿ ಕಬ್ಬಿನಿಂದ ಮದ್ಯಸಾರ ತೆಗೆದು ವಾಹನಕ್ಕೆ ಹಾಕುವ ಕಾರ್ಯಕ್ರಮ ಆರಂಭವಾಯಿತು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚಿನವು ಅದರಿಂದಲೇ ಓಡುತ್ತಿದ್ದವು. ಅಷ್ಟರಲ್ಲಿ ತೈಲದ ಬೆಲೆ ಕುಸಿಯಿತು, ಸಕ್ಕರೆಯ ಬೆಲೆ ಏರಿತು, ಕಾರ್ಖಾನೆಗಳು ಕಬ್ಬನ್ನು ಸಕ್ಕರೆಗೆ ತಿರುಗಿಸಿದವು. ಕಾರು ಕೊಂಡವರು ಬಂಕ್‌ಗಳ ಮುಂದೆ ಸಾಲು ನಿಂತರು. 2003ರಲ್ಲಿ ಎರಡೂ ಇಂಧನಕ್ಕೆ ಒಗ್ಗುವ ಕಾರು ಬಂದ ಮೇಲೆಯೇ ಜನರಿಗೆ ಮತ್ತೆ ನಂಬಿಕೆ ಬಂತು. ಪೆಟ್ಟು ಬಿದ್ದಾಗ ನೀತಿ ಬದಲಿಸುವುದು ಸುಲಭ. ತೈಲ ಮತ್ತೆ ಅಗ್ಗವಾದಾಗಲೂ ಹಿಡಿದದ್ದನ್ನು ಬಿಡದಿರುವುದೇ ಕಷ್ಟ. ಡೆನ್ಮಾರ್ಕ್ ಬಿಡಲಿಲ್ಲ ಎನ್ನುವುದೇ ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಸಾಧನೆ, ಗಾಳಿಯಂತ್ರವಲ್ಲ.

ಭಾರತದ ಉತ್ತರ ಕಲ್ಲಿದ್ದಲು. ಗಣಿಗಳ ರಾಷ್ಟ್ರೀಕರಣ 1973ರಲ್ಲೇ ಪೂರ್ಣವಾಗಿತ್ತು. 1975ರಲ್ಲಿ ಕೋಲ್ ಇಂಡಿಯಾ ಮತ್ತು ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮ ಎರಡೂ ಹುಟ್ಟಿದವು. ಕೈಯಲ್ಲಿದ್ದ ಸಂಪತ್ತನ್ನು ಬಳಸಿದರು, ಅದನ್ನು ದೂರುವಂತಿಲ್ಲ. ಜೊತೆಗೆ ಇನ್ನೊಂದು ಸಣ್ಣ ಕಿಟಕಿಯೂ ತೆರೆದಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಅಸ್ತ್ರ ಎಂಬ ವಿಭಾಗವನ್ನು ಕಟ್ಟಿದರು. ಹಳ್ಳಿಯ ಒಲೆ, ಸೆಗಣಿಯ ಅನಿಲ, ಮಣ್ಣಿನ ಇಟ್ಟಿಗೆ ಅವರ ವಿಷಯಗಳು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ದನಗಳ ಸೆಗಣಿಯಿಂದಲೇ ಮನೆಗಳಿಗೆ ದೀಪ ಮತ್ತು ನಲ್ಲಿ ನೀರು ಬಂತು. ದೇಶಕ್ಕೆ ಎಷ್ಟು ವಿದ್ಯುತ್ ಬೇಕು ಎಂದು ಕೇಳುವ ಮೊದಲು ಯಾರಿಗೆ, ಯಾವ ಕೆಲಸಕ್ಕೆ ಬೇಕು ಎಂದು ಕೇಳಬೇಕು ಎಂಬುದು ರೆಡ್ಡಿಯವರ ವಾದ. 1982ರಲ್ಲಿ ಕೇಂದ್ರದಲ್ಲಿ ಅಸಾಂಪ್ರದಾಯಿಕ ಇಂಧನಕ್ಕೆ ಒಂದು ಇಲಾಖೆಯೂ, 1992ರಲ್ಲಿ ಒಂದು ಮಂತ್ರಾಲಯವೂ ಬಂದವು. ಆದರೆ ಹಣ ಹೋದದ್ದು ಮಾತ್ರ ಹೆಚ್ಚಾಗಿ ಕಲ್ಲಿದ್ದಲಿಗೆ.

ಓದುಗರೇ, ಅದೇ 1973ರ ಪೆಟ್ಟಿಗೆ ಇನ್ನೊಂದು ಮುಖವಿದೆ. ಅದು ನಮ್ಮ ಮನೆಗಳದ್ದು. ತೈಲದ ಬೆಲೆ ಏರಿದಾಗ ಕುಂದಾಪುರದ ಪೇಟೆಯಲ್ಲಿ ಸೀಮೆಎಣ್ಣೆ ತುಟ್ಟಿಯಾಯಿತು. ಅದೇ ಹಣ ಕೊಲ್ಲಿಯ ದೇಶಗಳಿಗೆ ಹರಿದು ಅಲ್ಲಿ ರಸ್ತೆ, ಬಂದರು, ಆಸ್ಪತ್ರೆ ಕಟ್ಟಲು ಕೈಗಳು ಬೇಕಾದವು. ಅದಕ್ಕೂ ಹಿಂದೆ ಗಲ್ಫ್ ನಮಗೆ ಅಪರಿಚಿತವಲ್ಲ. 1960ರ ದಶಕದವರೆಗೆ ಅಲ್ಲಿ ಹಲವು ಕಡೆ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. ಆದರೆ ಕರಾವಳಿಯ ಹುಡುಗರು ಬೊಂಬಾಯಿಯ ಹೋಟೆಲಿನ ಬದಲು ದುಬೈ, ದಮ್ಮಾಮ್, ಕುವೈತ್ ಎಂದು ಹೊರಟದ್ದು 1970ರ ದಶಕದಲ್ಲಿ. ಭಟ್ಕಳದಿಂದ ಉಳ್ಳಾಲದವರೆಗೆ ಎಷ್ಟು ಮನೆಗಳ ಹೆಂಚು, ಎಷ್ಟು ಹೆಣ್ಣುಮಕ್ಕಳ ಮದುವೆ, ಎಷ್ಟು ಶಾಲೆಗಳ ಕಟ್ಟಡ ಆ ಹಣದಿಂದ ಆಗಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮಗೆ ತೈಲ ಬರೀ ಇಂಧನವಲ್ಲ, ಸಂಬಳ ಕೂಡ ಹೌದು. ಇಂಧನ ನೀತಿಯ ಪುಸ್ತಕಗಳಲ್ಲಿ ಈ ಮಾತು ಸಿಗುವುದು ಅಪರೂಪ.

ಕರ್ನಾಟಕಕ್ಕೆ ಕಲ್ಲಿದ್ದಲು ತಡವಾಗಿ ಬಂತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಶರಾವತಿ ಬತ್ತಿ ವಿದ್ಯುತ್ ಕಡಿತ ಸಾಮಾನ್ಯವಾದಾಗ, ನೀರೊಂದನ್ನೇ ನಂಬಿ ಕೂರುವಂತಿಲ್ಲ ಎಂದು ಸರಕಾರಕ್ಕೆ ಅನಿಸಿತು. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಶಾಖೋತ್ಪನ್ನ ಘಟಕ ಆರಂಭವಾಯಿತು. ಕೈಗಾದ ಅಣುಸ್ಥಾವರ 2000ದಿಂದ ವಿದ್ಯುತ್ ಕೊಡತೊಡಗಿತು. ಕೈಗಾ ಬೇಡವೆಂದು ನಮ್ಮ ಪಕ್ಕದ ಕೋಟದ ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳರ ಹತ್ತಿರದ ವಯಸ್ಸಿನಲ್ಲಿ, ಲೋಕಸಭಾ ಚುನಾವಣೆಗೇ ನಿಂತರು ಮತ್ತು ಸೋತರು. ಅದೇ ಕೈಗಾದ ಮೊದಲ ಘಟಕ 2018ರ ಕೊನೆಯಲ್ಲಿ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಎರಡೂ ಸಂಗತಿಗಳು ನಿಜ, ಎರಡನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು.

ನಮ್ಮ ಜಿಲ್ಲೆಯ ಪಾಲಿಗೆ ಬಂದದ್ದು ಯೆಲ್ಲೂರು. ಮಂಗಳೂರಿನ ಹತ್ತಿರ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಕಟ್ಟಬೇಕಿದ್ದ ಸ್ಥಾವರ ವಿವಾದ, ಮೊಕದ್ದಮೆಗಳ ನಡುವೆ 1999ರಲ್ಲಿ ಕೈಬಿಟ್ಟು ಹೋಗಿತ್ತು. ಆದರೆ ಪಡುಬಿದ್ರಿಯ ಬಳಿಯ ಯೆಲ್ಲೂರಿನಲ್ಲಿ ತಲಾ 600 ಮೆಗಾವ್ಯಾಟಿನ ಎರಡು ಘಟಕಗಳು 2010ರಿಂದ 2012ರೊಳಗೆ ಕೆಲಸ ಆರಂಭಿಸಿದವು. ಕಲ್ಲಿದ್ದಲು ಹೊರದೇಶದ್ದು, ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಬರುವಂಥದ್ದು. ನನ್ನ ಮಟ್ಟಿಗೆ ಇದೂ ಒಂದು ಸೀಮೆಎಣ್ಣೆಯೇ, ಗಟ್ಟಿಯಾಗಿದೆ ಅಷ್ಟೆ. ಬೂದಿ ಗದ್ದೆಗೆ ಬೀಳುತ್ತದೆ, ಬಾವಿಯ ನೀರು ಉಪ್ಪಾಗಿದೆ ಎಂಬ ಸುತ್ತಲಿನ ಹಳ್ಳಿಗಳವರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಆಮೇಲೆ ಸೂರ್ಯ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಸಂಸ್ಥೆ ಆರಂಭಿಸಿ, ಬ್ಯಾಂಕ್ ಸಾಲ ಕೊಡಿಸಿ ಬಡವರ ಮನೆಗೆ ಸೌರದೀಪ ಹಾಕಿಸತೊಡಗಿದಾಗ ನಕ್ಕವರೇ ಹೆಚ್ಚು. ದಿನಾಲೂ ಸೀಮೆಎಣ್ಣೆಗೆ ಕೊಡುವ ಪುಡಿಗಾಸನ್ನೇ ಕಂತಾಗಿ ಕಟ್ಟಿಸಿಕೊಂಡದ್ದು ಅವರ ಜಾಣತನ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೊಡ್ಡ ಪ್ರಮಾಣದ ಕೆಲಸ ಪಾವಗಡದಲ್ಲಿ ಆಯಿತು. ತುಮಕೂರು ಜಿಲ್ಲೆಯ ಆ ಬರದ ತಾಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2018ರಿಂದ 2019ರೊಳಗೆ 2050 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದಿತು. ಗಮನಿಸಬೇಕಾದದ್ದು ಇದು: ಅಲ್ಲಿ ರೈತರ ಭೂಮಿಯನ್ನು ಸರಕಾರ ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆಯಿತು, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಲಿಂಗನಮಕ್ಕಿಗೂ ಪಾವಗಡಕ್ಕೂ ನಡುವೆ ಐವತ್ತೈದು ವರ್ಷಗಳಲ್ಲಿ ಸರಕಾರ ಇಷ್ಟಾದರೂ ಕಲಿತಿದೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿ ಇಲ್ಲದವರಿಗೆ ಗೇಣಿ ಬರುವುದಿಲ್ಲ. ಕಾಗದದಲ್ಲಿ ಹೆಸರಿಲ್ಲದವರು ಈ ಸಲವೂ ಲೆಕ್ಕದಿಂದ ಹೊರಗೆ.

2025ರ ಮಧ್ಯಭಾಗದಲ್ಲಿ ಭಾರತದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳದ್ದಾಯಿತು. ಇದನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೌರಫಲಕ ರಾತ್ರಿ ಮಲಗುತ್ತದೆ, ಬಾಯ್ಲರ್ ಮಲಗುವುದಿಲ್ಲ. ಹಾಗಾಗಿ ನಾವು ನಿಜವಾಗಿ ಉರಿಸುವ ಯೂನಿಟ್‌ಗಳಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದ್ದೇ. ಹಗಲಿನ ಬಿಸಿಲನ್ನು ರಾತ್ರಿಗೆ ಇಟ್ಟುಕೊಳ್ಳಲು ದಾರಿ ಬೇಕು. ಕೆಳಗಿನ ನೀರನ್ನು ಹಗಲು ಮೇಲಕ್ಕೆ ಪಂಪು ಮಾಡಿ ರಾತ್ರಿ ಇಳಿಸುವುದು ಅದರಲ್ಲಿ ಒಂದು. ಅದಕ್ಕಾಗಿ 2000 ಮೆಗಾವ್ಯಾಟಿನ ಯೋಜನೆ ಹಾಕಿದ್ದು ಎಲ್ಲಿ ಎನ್ನುತ್ತೀರಿ? ಮತ್ತೆ ಶರಾವತಿ ಕಣಿವೆಯಲ್ಲಿ. ಸಿಂಗಳೀಕದ ಅಭಯಾರಣ್ಯದೊಳಗೆ ಇದು ಬೇಡವೆಂದು 2025ರಲ್ಲಿ ಸಾಗರ, ಹೊನ್ನಾವರ ಕಡೆಗಳಲ್ಲಿ ಹೋರಾಟ ನಡೆಯಿತು. ಅರವತ್ತು ವರ್ಷಗಳ ನಂತರ ಅದೇ ಕಣಿವೆಯ ಬಾಗಿಲನ್ನೇ ಮತ್ತೆ ತಟ್ಟಿದ್ದಾರೆ.

ಬದಲಾವಣೆಯ ಬೆಲೆಯನ್ನು ಹಂಚಿಕೊಳ್ಳುವ ಬೇರೆ ರೀತಿ ಇದೆಯೇ? ಜರ್ಮನಿಯನ್ನು ನೋಡಿ. 2020ರಲ್ಲಿ ಕಾನೂನು ಮಾಡಿ, 2038ರೊಳಗೆ ಕಲ್ಲಿದ್ದಲಿನ ವಿದ್ಯುತ್ ನಿಲ್ಲಿಸುವುದಾಗಿ ಹೇಳಿತು. ಅದರ ಜೊತೆಯಲ್ಲೇ ಇನ್ನೊಂದು ಕಾನೂನು: ಕಲ್ಲಿದ್ದಲಿನ ಪ್ರದೇಶಗಳಿಗೆ ರೈಲು, ಕಾಲೇಜು, ಹೊಸ ಉದ್ಯಮ ತರಲು 4,000 ಕೋಟಿ ಯೂರೋವರೆಗೆ ಹಣ. ನಿವೃತ್ತಿಗೆ ಹತ್ತಿರವಾಗಿ ಕೆಲಸ ಕಳೆದುಕೊಂಡವರಿಗೆ ಐದು ವರ್ಷದವರೆಗೆ ಭತ್ಯೆ. ಜರ್ಮನಿಯ ಎಲ್ಲ ನಡೆಯೂ ಸರಿ ಎಂದಲ್ಲ. ಕಲ್ಲಿದ್ದಲು ಇನ್ನೂ ಉರಿಯುತ್ತಿರುವಾಗಲೇ 2023ರ ಏಪ್ರಿಲ್‌ನಲ್ಲಿ ಕೊನೆಯ ಅಣುಸ್ಥಾವರಗಳನ್ನು ಮುಚ್ಚಿದ್ದನ್ನು ಅನೇಕರು ಟೀಕಿಸಿದ್ದಾರೆ. ಆದರೆ ಗಣಿಯವನನ್ನು ಮೊದಲೇ ಲೆಕ್ಕಕ್ಕೆ ಹಿಡಿದದ್ದನ್ನು ಒಪ್ಪಲೇಬೇಕು. ಅವನಿಗೆ ಮತ ಇತ್ತು, ಸಂಘ ಇತ್ತು.

ಈಗ ಗಲ್ಫ್ ಕೂಡ ಬದಲಾಗುತ್ತಿದೆ. ಅಬುಧಾಬಿ 2006ರಲ್ಲೇ ಮಸ್ದರ್ ಎಂಬ ಸಂಸ್ಥೆ ಕಟ್ಟಿತು. ಬರಾಕಾದ ನಾಲ್ಕು ಅಣುಘಟಕಗಳು 2020ರಿಂದ 2024ರೊಳಗೆ ಒಂದೊಂದಾಗಿ ಚಾಲೂ ಆದವು. ಸೌದಿ ಅರೇಬಿಯಾ 2016ರಲ್ಲಿ ತೈಲದ ಮೇಲಿನ ಅವಲಂಬನೆ ಕಡಿಮೆ ಮಾಡುವ ತನ್ನ 2030ರ ಗುರಿಪತ್ರ ಹೊರತಂದಿತು. 2023ರ ಡಿಸೆಂಬರಿನಲ್ಲಿ ದುಬೈಯಲ್ಲೇ ಸೇರಿದ ಜಗತ್ತಿನ ದೇಶಗಳು ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕೆಂಬ ಮಾತಿಗೆ ಒಪ್ಪಿಗೆ ಹಾಕಿದವು. ಒಳ್ಳೆಯದೇ. ಸಮುದ್ರದ ಅಂಚಿನಲ್ಲಿ ಬದುಕುವ ಕೋಡಿಯವರು ಭೂಮಿ ಬಿಸಿಯಾಗುವುದನ್ನು ಬಯಸಲಾರರು. ಆದರೆ 1990ರಲ್ಲಿ ಕುವೈತಿನಿಂದ ಸುಮಾರು 1,70,000 ಭಾರತೀಯರು ಉಟ್ಟ ಬಟ್ಟೆಯಲ್ಲಿ ಮರಳಬೇಕಾದ ಕಥೆ ನಮ್ಮ ಹಿರಿಯರಿಗೆ ನೆನಪಿದೆ. ತೈಲದ ಬೆಲೆ ಕುಸಿದ ನಂತರ 2016ರಲ್ಲಿ ಸೌದಿಯಲ್ಲಿ ಸಾವಿರಾರು ಭಾರತೀಯ ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಶಿಬಿರಗಳಲ್ಲಿ ಉಳಿದು, ಕೇಂದ್ರದ ಮಂತ್ರಿಯೊಬ್ಬರು ಅಲ್ಲಿಗೆ ಹೋಗಬೇಕಾಯಿತು. ಜರ್ಮನಿಯ ಗಣಿಯವನ ಹಾಗೆ ಇವರ ಹೆಸರು ಯಾವ ದೇಶದ ಇಂಧನ ನೀತಿಯಲ್ಲಿದೆ? ಕೊಲ್ಲಿಯ ದೇಶಕ್ಕೆ ಇವರು ಪರದೇಶದವರು. ನಮ್ಮ ದೇಶದ ಇಂಧನ ಲೆಕ್ಕದಲ್ಲಿ ಇವರು ಬರುವುದೇ ಇಲ್ಲ.

ಹಾಗೆಯೇ ನಾಡದೋಣಿಯವರು. ಔಟ್‌ಬೋರ್ಡ್ ಎಂಜಿನ್ ಬಂದ ಮೇಲೆ ಅವರ ದುಡಿಮೆ ರಿಯಾಯಿತಿ ಸೀಮೆಎಣ್ಣೆಯ ಮೇಲೆ ನಿಂತಿತು. ಮನೆಗಳಲ್ಲಿ ದೀಪಕ್ಕೆ ಬೇಡವಾಯಿತೆಂದು ಸೀಮೆಎಣ್ಣೆಯ ಪೂರೈಕೆ ಕಡಿಮೆ ಮಾಡುತ್ತ ಬಂದಾಗ, ದೋಣಿಗೆ ಅದು ಬೇಕು ಎಂದು ಪ್ರತಿ ಋತುವಿನಲ್ಲೂ ಅರ್ಜಿ ಹಿಡಿದು ಓಡಾಡಬೇಕಾದವರು ಅವರೇ.

ಈ ವರ್ಷ ನಮ್ಮ ಸಂಘದ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ಕೆಲಸ ಮಾಡಬಹುದೆಂದು ಸದಸ್ಯರ ಮುಂದೆ ಕೇಳಿಕೊಳ್ಳುತ್ತೇನೆ. ಕೋಡಿಯ ಮನೆಮನೆಗೆ ಹೋಗಿ ಒಂದು ಪಟ್ಟಿ ಬರೆಯಲಿ. ಮನೆಯಿಂದ ಹೊರದೇಶದಲ್ಲಿ ಎಷ್ಟು ಮಂದಿ, ಯಾವ ದೇಶ, ಯಾವ ಕೆಲಸ, ಎಷ್ಟು ವರ್ಷವಾಯಿತು, ಕೈಯಲ್ಲಿ ಯಾವ ಸರ್ಟಿಫಿಕೇಟ್ ಇದೆ, ಊರಿಗೆ ಬಂದರೆ ಮಾಡಬಲ್ಲ ಕೆಲಸ ಯಾವುದು. ದೋಣಿ ಇದ್ದರೆ ಯಾವ ಎಂಜಿನ್, ದಿನಕ್ಕೆ ಎಷ್ಟು ಲೀಟರ್. ಒಂಬತ್ತನೇ ತರಗತಿಯ ಮಕ್ಕಳಿಗೂ ಸಾಧ್ಯವಾಗುವ ಕೆಲಸವಿದು. ಹೆಸರುಗಳನ್ನು ಹೊರಗೆ ಕೊಡಬೇಕಾಗಿಲ್ಲ, ಲೆಕ್ಕ ಸಾಕು. ಐಟಿಐ ಸೇರುವ ಹುಡುಗನಿಗೆ ಯಾವ ಟ್ರೇಡ್ ಹೇಳಬೇಕು, ನಮ್ಮ ಶಿಷ್ಯವೇತನ ಯಾವ ಕೋರ್ಸಿಗೆ ಹೋಗಬೇಕು ಎಂದು ಮುಂದಿನ ಮಹಾಸಭೆಯಲ್ಲಿ ಚರ್ಚಿಸುವಾಗ ಆ ಪಟ್ಟಿ ಮೇಜಿನ ಮೇಲಿರಲಿ.